ಅಪ್ಪನ ಮಾತಿಗೆ ಸ್ಕೋರ್ ಇಲ್ಲ

ಸಿಂಧನೂರಿನ ದಲ್ಲಾಳಿ ಅಂಗಡಿಯಲ್ಲಿ ಅಪ್ಪ ಗೊಬ್ಬರಕ್ಕೆ, ಕೂಲಿಗೆ ಸಾಲ ತಂದು, ಭತ್ತ ಮಾರಿದ ಮೇಲೆ ತೀರಿಸ್ತಿದ್ದ. ಒಂದು ವರ್ಷವೂ ತಪ್ಪಲಿಲ್ಲ. ಸಿಬಿಲ್ ಲೆಕ್ಕದಲ್ಲಿ ಅದು ಸೊನ್ನೆ. ದಲ್ಲಾಳಿಯ ಖಾತೆ ಪುಸ್ತಕ ಅಲ್ಲಿಗೆ ಹೋಗೋದೇ ಇಲ್ಲ.

ನಾನು ಲಿಂಗಸುಗೂರಿನ ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೆ. ತೊಗರಿ ಕೈಕೊಟ್ಟ ವರ್ಷ ಅವನ ಕಂತು ನಿಂತಿತು. ಬೆಂಗಳೂರಲ್ಲಿ ನನ್ನ ಸ್ಕೋರ್ ಬಿತ್ತು, ಮನೆ ಸಾಲವೂ ಹೋಯ್ತು. "ಊರ ಮಂದಿಗೆ ಶಿಸ್ತಿಲ್ಲ" ಅಂದ ಆಫೀಸಿನ ಗೆಳೆಯ. ಅವನೋ ಕಾರ್ಡ್ ಬಿಲ್ಲಿಗೆ ಪ್ರತಿ ತಿಂಗಳು ಮಿನಿಮಮ್ ಡ್ಯೂ ಅಷ್ಟೇ ಕಟ್ಟೋನು. ಬಾಕಿ ಬೆಳೀತಾನೇ ಇದೆ, ಆದರೆ ಅವನ ವರದಿಯಲ್ಲಿ ಒಂದೂ ತಡ ಪಾವತಿ ಇಲ್ಲ!

ಶಿಸ್ತು ಯಾರದ್ದು ಸ್ವಾಮಿ? 300ರಿಂದ 900ರವರೆಗಿನ ಈ ಅಂಕಿ ಅಳೆಯೋದು ಪ್ರಾಮಾಣಿಕತೆಯನ್ನಲ್ಲ, ತಿಂಗಳ ಸಂಬಳದ ಬದುಕನ್ನ. ಮಸ್ಕಿಯ ಹೊಲಕ್ಕೆ ಸಂಬಳ ಆಗೋದು ಸುಗ್ಗಿಯಲ್ಲಿ, ಅದೂ ಕಾಲುವೆ ನೀರು ಬಂದರೆ.

ಹಾಗಂತ ಬೈದು ಕೂತರೆ ಆಗಲ್ಲ. ಜಾಮೀನು ಸಹಿ ಅಂದ್ರೆ ನಿಮ್ಮದೇ ಸಾಲ. 'ಸೆಟಲ್‌ಮೆಂಟ್' ಮಾಡಿಕೊಂಡರೆ ವರದಿಯಲ್ಲಿ ಕಲೆ ಉಳಿಯುತ್ತೆ. ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಕೊಡಲೇಬೇಕು. ತಪ್ಪಿನ ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮವೇ ಇದೆ. ನಿಮ್ಮ ವರದಿ ತೆಗೀರಿ, ಜೊತೆಗೆ ಅಪ್ಪನದ್ದೂ. ಆದರೆ ಅದರಿಂದ ಅಪ್ಪನನ್ನ ಮಾತ್ರ ಅಳೀಬೇಡಿ.