ಕುರ್ಚಿ ಹೆಚ್ಚಿದರೆ ಆಟ ಹೆಚ್ಚುತ್ತದೆಯೇ?

2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತಕ್ಕೆ ಸತ್ತರು. ಆಮೇಲೆ ಸರ್ಕಾರ ಮುಂದಿಟ್ಟದ್ದು ಆನೇಕಲ್ ಕಡೆಯ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರಿಕೆಟ್ ಕ್ರೀಡಾಂಗಣ. ಜನ ಸತ್ತದ್ದು ಗೇಟಿನ ಹತ್ತಿರ, ಪರಿಹಾರ ಕುರ್ಚಿಯಲ್ಲಿ! ಈಗ ಬಂಟ್ವಾಳದ ನನ್ನ ಗೆಳೆಯರೂ ಬೆಂಗಳೂರು ಎಫ್‌ಸಿಗೆ ಅಂಥದ್ದೇ ದೊಡ್ಡದೊಂದು ಬೇಕು ಅನ್ನುತ್ತಿದ್ದಾರೆ.

ಯಾಕೆ ದೊಡ್ಡದು? 2013ರಲ್ಲಿ ಹುಟ್ಟಿದ ಈ ಕ್ಲಬ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದದ್ದು ಅಶೋಕನಗರದ ಪುಟ್ಟ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿಕೊಂಡು. ನಂತರ ಕಂಠೀರವಕ್ಕೆ ಹೋಯಿತು. ಆಸನ ಹೆಚ್ಚಿತು, ಆದರೆ ಪ್ರೇಕ್ಷಕನಿಗೂ ಚೆಂಡಿಗೂ ನಡುವೆ ಓಟದ ಟ್ರ್ಯಾಕ್ ಬಂತು. ಅದು ಓಟಗಾರರ ಜಾಗ. ಅವರೂ ಫುಟ್‌ಬಾಲಿನವರೂ ಒಂದೇ ಮೈದಾನಕ್ಕಾಗಿ ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಇದರಲ್ಲಿ ನಾನು ಓಟಗಾರರ ಕಡೆ. ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬೆಳಗ್ಗೆ ಓಡುವವರನ್ನು ಕಂಡವರು ಯಾರೂ ಅವರಿಗೆ 'ಇವತ್ತು ಮ್ಯಾಚ್ ಇದೆ, ನಾಳೆ ಬನ್ನಿ' ಎನ್ನಲಾರರು.

ಕ್ಲಬ್ಬಿಗೆ ಬೇಕಾದದ್ದು ಟ್ರ್ಯಾಕ್ ಇಲ್ಲದ, ಗೆರೆಯ ಪಕ್ಕದಲ್ಲೇ ಕೂರಬಹುದಾದ ತನ್ನದೇ ಮೈದಾನ. ಹದಿನೈದು ಸಾವಿರ ಆಸನ ಧಾರಾಳವಾಯಿತು. ಸರ್ಕಾರದ ದುಡ್ಡು ಇತ್ತ ಬರಲಿ. ಬಂಟ್ವಾಳ, ಬೆಳ್ತಂಗಡಿಯ ಶಾಲಾ ಮೈದಾನಗಳು ಜೂನ್ ಬಂತೆಂದರೆ ಕೆಸರು, ಬೇಸಿಗೆಯಲ್ಲಿ ಮುರಕಲ್ಲಿನ ಮಣ್ಣು. ಬಿದ್ದರೆ ಮೊಣಕಾಲಿನ ಚರ್ಮ ಹೋಗುತ್ತದೆ. ಕೆಸರುಗದ್ದೆ ಕ್ರೀಡಾಕೂಟದಲ್ಲಿ ವರ್ಷಕ್ಕೊಂದು ದಿನ ಜಾರುವುದು ಚಂದ, ದಿನಾ ಅಭ್ಯಾಸಕ್ಕೆ ಆಗದು. ಕೆಳಗೆ ಮರಳು ಹಾಸಿ, ನೀರು ಹರಿಯಲು ಪೈಪು ಹಾಕಿ ತಾಲೂಕಿಗೊಂದು ಹುಲ್ಲಿನ ಮೈದಾನ ಮಾಡಿಕೊಡಲಿ. ಗ್ಯಾಲರಿ ಬೇಡ, ನಾವು ನಿಂತೇ ನೋಡುತ್ತೇವೆ.