ತಿದ್ದಿದ ಸಾಲಿನ ಗುರುತು

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಚಾದರ ಮತ್ತು ಟವೆಲುಗಳ ನೇಯ್ಗೆಗೆ ಹೆಸರಾದುದು. ರಟ್ಟಿನಿಂದ ನಡೆಯುವ ಜಕಾರ್ಡ್ ಮಗ್ಗದಲ್ಲಿ ರಂಧ್ರ ಕೊರೆದ ಒಂದೊಂದು ರಟ್ಟೂ ಒಂದೊಂದು ಹೊಕ್ಕಿಗೆ ಹಾಸಿನ ಯಾವ ಎಳೆಗಳು ಮೇಲೇಳಬೇಕೆಂಬುದನ್ನು ನಿರ್ಧರಿಸುತ್ತದೆ. ವಿನ್ಯಾಸದಲ್ಲಿ ದೋಷ ಕಂಡರೆ ಬದಲಿಸಬೇಕಾದ ರಟ್ಟು ಎಷ್ಟನೆಯದೆಂದು ಎಣಿಸಿ ಹೇಳಬಹುದು. ಇದೇ ಊರು ಸೊನ್ನಲಿಗೆಯಾಗಿದ್ದಾಗ ಬಾಳಿದ ಸಿದ್ಧರಾಮನ ವಚನಗಳು ಇಂದು ಗಣಕದಲ್ಲಿ ದೊರೆಯುತ್ತವೆ. ಅಲ್ಲಿ ಮಾಡುವ ತಿದ್ದುಪಡಿಗಳಿಗೂ ಇಂಥದೇ ಲೆಕ್ಕ ಬೇಡವೆ?

ಮುದ್ರಿತ ಸಂಪಾದನೆಯಲ್ಲಿ ಪಾಠಾಂತರವು ಅಡಿಟಿಪ್ಪಣಿಯಲ್ಲಿ ಉಳಿಯುತ್ತದೆ. ಗಣಕದ ಕಡತದಲ್ಲಿ ಹೊಸ ಪಾಠವು ಹಳೆಯದನ್ನು ಸದ್ದಿಲ್ಲದೆ ಅಳಿಸಿಬಿಡುತ್ತದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ತಂತ್ರಾಂಶ ಈ ಕೊರತೆಯನ್ನು ನೀಗಬಲ್ಲದು. ‘ಕಮಿಟ್’ ಮಾಡಿದ ಪ್ರತಿಯೊಂದು ರೂಪವೂ ಅದರಲ್ಲಿ ಉಳಿಯುತ್ತದೆ. ಎರಡು ರೂಪಗಳನ್ನು ಹೋಲಿಸಿದಾಗ ‘@@ -40,2 +40,3 @@’ ಎಂಬಂಥ ಗುರುತು ದೊರೆಯುತ್ತದೆ: ಹಳೆಯ ಪಠ್ಯದಲ್ಲಿ 40ನೆಯ ಸಾಲಿನಿಂದ ಎರಡು ಸಾಲು, ಹೊಸದರಲ್ಲಿ ಅಲ್ಲಿಂದಲೇ ಮೂರು. ಬದಲಾಗದ ನೆರೆಸಾಲುಗಳನ್ನು ಬಿಡುವಂತೆ ಸೂಚಿಸಿ, ಈ ಅಂಕಿಗಳನ್ನಷ್ಟೇ ಹೆಕ್ಕುವ ಕಿರು ಸ್ಕ್ರಿಪ್ಟ್ ಬರೆದರೆ ತಿದ್ದಿದ ಸಾಲುಗಳ ಪಟ್ಟಿ ಸಿದ್ಧವಾಗುತ್ತದೆ.

ಮೇಲೆ ಒಂದು ಸಾಲು ಸೇರಿದರೆ ಕೆಳಗಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಆದ್ದರಿಂದ ವಚನದ ಸಂಖ್ಯೆಯನ್ನೂ ಜೊತೆಗಿಡಬೇಕು. ಎಲ್ಲಿ ಬದಲಾಯಿತೆಂಬುದನ್ನು ಸ್ಕ್ರಿಪ್ಟ್ ಹೇಳೀತು, ಏಕೆಂಬುದನ್ನು ಹೇಳಲಾರದು. ಆ ಕಾರಣವನ್ನು ಆಧಾರಪ್ರತಿಯ ಹೆಸರಿನೊಡನೆ ಸಂಪಾದಕನೇ ಬರೆಯಬೇಕು. ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಗ್ರಂಥಸಂಪಾದನಾಶಾಸ್ತ್ರದೊಂದಿಗೆ ಈ ವಿದ್ಯೆಯನ್ನೂ ಕಲಿಯುವುದು ಅಗತ್ಯ. ಗುರುತು ಉಳಿಸದ ತಿದ್ದುಪಡಿ, ಎಷ್ಟೇ ಸರಿಯಾಗಿದ್ದರೂ, ಮುಂದಿನ ಓದುಗನಿಂದ ಪರೀಕ್ಷಿಸುವ ಹಕ್ಕನ್ನು ಕಸಿದುಕೊಳ್ಳುತ್ತದೆ.