ಗದೆ ತರ್ಸೋದಲ್ಲ, ಮಾಡೋದು

ಮೊನ್ನೆ ಮಗಳು ಫೋನ್ ಮಾಡಿದ್ಲು. ಮೊಮ್ಮಗ ಇಸ್ಕೂಲಲ್ಲಿ ಹಿರಣ್ಯಕಶಿಪು ಆಗ್ತಾನಂತೆ, ಗದೆ ಆನ್‌ಲೈನಲ್ಲಿ ತರಿಸ್ತೀನಿ ಅಂದ್ಲು. ನಂಗ್ಯಾಕೋ ಸರಿ ಅನ್ನಿಸ್ಲಿಲ್ಲ ಕಣ್ರಮ್ಮ.

1983ರಲ್ಲಿ ರಾಜ್‌ಕುಮಾರ್ ಅವರ 'ಭಕ್ತ ಪ್ರಹ್ಲಾದ' ಬಂತಲ್ಲ, ಅದನ್ನ ನೋಡ್ಕಂಡು ಬಂದು ನಂಗೂ ಅಷ್ಟೇ ದೊಡ್ಡ ಗದೆ ಬೇಕು ಅಂತ ಹಠ ಹಿಡಿದಿದ್ದೆ. "ಹೆಣ್ಣುಡುಗೀಗೆ ಗದೆ ಯಾಕೆ?" ಅಂದ್ರು ಅಜ್ಜಿ. ಅಪ್ಪ ಏನೂ ಅನ್ನದೆ ಬಿದಿರುಕೋಲು ತಂದ್ರು. ಗೋಣಿಚೀಲದೊಳಗೆ ತೆಂಗಿನ ನಾರು ತುಂಬಿ ಗುಂಡಗೆ ಕಟ್ಟಿ, ಮೇಲೆ ಮೈದಾ ಅಂಟಲ್ಲಿ ಹಳೇ ಪೇಪರ್ ಹಚ್ಚಿದ್ವಿ. ಒಂದು ಪದರ ಒಣಗದೆ ಇನ್ನೊಂದು ಹಚ್ಚಂಗಿಲ್ಲ, ಹಚ್ಚಿದ್ರೆ ಒಳಗೆ ಬೂಷ್ಟು. ಅದಕ್ಕೇ ನಾಲ್ಕು ಸಂಜೆ ಹಿಡೀತು. "ಗದೆ ನೋಡೋರಿಗೆ ಭಾರ, ಹೊರೋರಿಗೆ ಹಗುರ ಇರ್ಬೇಕು" ಅಂತಿದ್ರು ಅಪ್ಪ. ತೋಟ, ಕೊಬ್ಬರಿ ಅಂತ ಮೂರ್ಹೊತ್ತೂ ದುಡೀತಿದ್ದೋರು ನನ್ ಜೊತೆ ಕೂತು ಅಷ್ಟು ಮಾತಾಡಿದ್ದು ಅದೇ ಮೊದಲು.

ಗದೆ ಗೆದ್ದಲು ತಿಂತು. ಅಪ್ಪನೂ ಈಗಿಲ್ಲ. ಆ ನಾಲ್ಕು ಸಂಜೆ ಮಾತ್ರ ಇನ್ನೂ ನನ್ನತ್ರ ಐತೆ.

ಮಗಳಿಗೆ ಪುರುಸೊತ್ತಿಲ್ಲ, ಒಪ್ತೀನಿ. ಕೆಲ್ಸ ಮುಗಿಸ್ಕಂಡು ಮನೆಗೆ ಬರೋದ್ರಲ್ಲಿ ರಾತ್ರಿ ಎಂಟಾಗುತ್ತೆ. ಆದ್ರೆ ಇದನ್ನೂ ಅವಳ ತಲೆಗೇ ಯಾಕೆ ಕಟ್ಬೇಕು? ನಂಗೆ ಗದೆ ಮಾಡ್ಕೊಟ್ಟಿದ್ದು ಅವ್ವ ಅಲ್ಲ, ಅಪ್ಪ. ಅಳಿಯಂದ್ರಿಗೇ ಹೇಳ್ದೆ: "ದಿನಾ ಅರ್ಧ ಗಂಟೆ ಮೊಬೈಲ್ ಮಡಗಿ ಮಗನ ಜೊತೆ ಕೂತ್ಕಳಿ. ನಾರು ನಾನು ಕಳಿಸ್ತೀನಿ."

ಸೊಟ್ಟಗಾದ್ರೆ ಆಗ್ಲಿ ಬಿಡ್ರಮ್ಮ. ನಂದೂ ಸೊಟ್ಟಗೇ ಇತ್ತು.